ಆಷಾಢದಲ್ಲಿ ವಿಂಡೋಸ್ ಬದಲಾಯಿಸಿದ್ದು

ಲಗ್ನಪತ್ರಿಕೆ ಮಾಡುವವರ ಕಂಪ್ಯೂಟರಿಗೆ ಕೈ ಹಾಕಬೇಕು ಅಂದರೆ ಆಷಾಢವೇ ಸರಿಯಾದ ಕಾಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಅದರಲ್ಲೂ ಮೊದಲ ಅರ್ಧ ಮಾತ್ರ ಸಿಗುತ್ತದೆ. ಭೀಮನ ಅಮಾವಾಸ್ಯೆ ಹತ್ತಿರ ಬಂತೋ, ಶ್ರಾವಣದ ಮುಹೂರ್ತದವರು ಬಂದು ಕೂತುಬಿಡುತ್ತಾರೆ. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ನಾನು ನೋಡಿಕೊಳ್ಳುವ ಒಂದು ಪ್ರೆಸ್ ಇದೆ. 2025ರ ಜೂನ್ ಕೊನೆಗೆ ಅಲ್ಲಿಂದಲೇ ಶುರು ಮಾಡಿದೆ.

ನನ್ನ ಕೆಲಸ ಸಣ್ಣ ಅಂಗಡಿ, ಆಫೀಸುಗಳ ಕಂಪ್ಯೂಟರ್ ಸರ್ವಿಸು. ವರ್ಷಕ್ಕಿಷ್ಟು ಅಂತ ಎಎಂಸಿ ಮಾಡಿಕೊಳ್ಳುತ್ತಾರಲ್ಲ, ಅದು. ಪ್ರೆಸ್ ಬಿಟ್ಟರೆ ಬಸವನಗುಡಿಯ ಒಂದು ಆಡಿಟರ್ ಆಫೀಸು, ಚಾಮರಾಜಪೇಟೆಯ ಒಂದು ಜೆರಾಕ್ಸ್ ಅಂಗಡಿ, ಇನ್ನೂ ಕೆಲವು. ಎಲ್ಲ ಕಡೆ ವಿಂಡೋಸ್ 10. ಅದು ಬಂದದ್ದು 2015ರಲ್ಲಿ. ಜನರ ಕೈಗೆ ಚೆನ್ನಾಗಿ ಹತ್ತಿಕೊಂಡಿತ್ತು. ಆದರೆ 2025ರ ಅಕ್ಟೋಬರ್ 14ಕ್ಕೆ ಅದರ ಸೆಕ್ಯುರಿಟಿ ಅಪ್‌ಡೇಟ್ ನಿಲ್ಲುತ್ತದೆ ಅಂತ ಮೈಕ್ರೋಸಾಫ್ಟಿನವರು ಮೊದಲೇ ಹೇಳಿಬಿಟ್ಟಿದ್ದರು. ಜಿಎಸ್‌ಟಿ ಪಾಸ್‌ವರ್ಡು, ಬ್ಯಾಂಕ್ ಲಾಗಿನ್ನು, ಗಿರಾಕಿಗಳ ಆಧಾರ್ ಕಾರ್ಡು ಎಲ್ಲ ಇರುವ ಮಿಷಿನ್‌ಗಳು. ಹಾಗೇ ಬಿಡುವ ಧೈರ್ಯ ನನಗೆ ಬರಲಿಲ್ಲ.

ಹಾರ್ಡ್‌ವೇರ್ ವಿಷಯ ಬೇಗ ಮುಗಿಸುತ್ತೇನೆ, ಅದು ಬರೀ ದುಡ್ಡಿನ ಮಾತು. ಮುಂದಿನದಾದ ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ಜನರೇಶನ್‌ನಿಂದ ಈಚಿನ ಪ್ರೊಸೆಸರ್ ಬೇಕು. ಪ್ರೆಸ್‌ನಲ್ಲಿದ್ದದ್ದು 4ನೇ ಜನರೇಶನ್. "ಚೆನ್ನಾಗೇ ಓಡ್ತಾ ಇದೆಯಲ್ಲ, ಇದಕ್ಕೇನು ಕಾಯಿಲೆ?" ಅಂತ ಯಜಮಾನರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕೊನೆಗೆ ಎಸ್‌ಪಿ ರೋಡಿನಿಂದ ರೀಫರ್ಬಿಷ್ಡ್ ಡೆಸ್ಕ್‌ಟಾಪ್ ತಂದೆವು. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ. ಮೊದಲು ಸ್ವಿಚ್ ಹಾಕಿ ಕಾಫಿ ಕುಡಿದು ಬರುವಷ್ಟು ಹೊತ್ತು ಬೇಕಿತ್ತು, ಈಗ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ತೆರೆದುಕೊಳ್ಳುತ್ತದೆ.

ಫಾಸ್ಟ್ ಆಗಿದೆ ಅಂತ ಒಬ್ಬರೂ ಹೇಳಲಿಲ್ಲ. ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಪ್ರಶ್ನೆ: "ಸ್ಟಾರ್ಟ್ ಎಲ್ಲಿ ಹೋಯ್ತು?"

ವಿಂಡೋಸ್ 11ರಲ್ಲಿ ಸ್ಟಾರ್ಟ್ ಬಟನ್ನು ಟಾಸ್ಕ್‌ಬಾರಿನ, ಅಂದರೆ ಪರದೆಯ ತಳದ ಪಟ್ಟಿಯ, ಮಧ್ಯಕ್ಕೆ ಬಂದು ಕೂತಿದೆ. ಬಟನ್ನು 1995ರಲ್ಲಿ ಹುಟ್ಟಿದಾಗಿನಿಂದ ಎಡಗಡೆ ಮೂಲೆಯಲ್ಲೇ ಇತ್ತು. ಪ್ರೆಸ್‌ನಲ್ಲಿ ಟೈಪಿಂಗ್ ಮಾಡುವ ಅಕ್ಕ ಒಬ್ಬರಿದ್ದಾರೆ. ಅವರು ಮೌಸನ್ನು ಕಣ್ಣಿಟ್ಟು ನಡೆಸುವುದೇ ಇಲ್ಲ. ಕೆಳಗೆ ಎಡಕ್ಕೆ ಜೋರಾಗಿ ಎಳೆದುಬಿಡುತ್ತಾರೆ, ಮೂಲೆಗೆ ಹೋಗಿ ತಾನಾಗೇ ನಿಲ್ಲುತ್ತದೆ, ಕ್ಲಿಕ್. ಈಗ ಅದೇ ಜಾಗದಲ್ಲಿ ಹವಾಮಾನ ತೋರಿಸುವ ಬಟನ್ನು. ಅವರು ಕಾರ್ಡಿನ ಪುಟ ಜೋಡಿಸುವ ಪೇಜ್‌ಮೇಕರ್ ತೆರೆಯೋಣ ಅಂತ ಎಳೆದರೆ ಪರದೆ ತುಂಬ ಸುದ್ದಿ, ಕ್ರಿಕೆಟ್ಟು, ಯಾರೋ ನಟಿಯ ಫೋಟೋ. "ನಾನೇನೂ ಮುಟ್ಟಿಲ್ಲಪ್ಪ, ತಾನಾಗೇ ಬಂತು" ಅಂದರು. ವೈರಸ್ ಅಂತಲೇ ಅವರ ಲೆಕ್ಕ.

ಸುದ್ದಿಯ ಬಟನ್ನನ್ನು ಆಗಲೇ ತೆಗೆದೆ. ಸ್ಟಾರ್ಟ್ ಬಟನ್ನನ್ನು ಎಡಕ್ಕೆ ತರುವುದು ನಿಮಿಷದ ಕೆಲಸ. ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಟಾಸ್ಕ್‌ಬಾರ್. ಅಲ್ಲಿ ಅಲೈನ್‌ಮೆಂಟ್ ಅನ್ನುವ ಕಡೆ ಲೆಫ್ಟ್ ಅಂತ ಕೊಟ್ಟರೆ ಮುಗಿಯಿತು. ಕೆಲವರಿಗೆ ಮಾಡಿಕೊಟ್ಟೆ. ಕೆಲವರಿಗೆ ಬೇಕೆಂದೇ ಮಾಡದೆ ಬಿಟ್ಟೆ, ಏನಾಗುತ್ತದೆ ನೋಡೋಣ ಅಂತ. ಜೆರಾಕ್ಸ್ ಅಂಗಡಿಯವರು ಮೊದಲ ದಿನ ಬಾಯಿಗೆ ಬಂದ ಹಾಗೆ ಬೈದರು. "ಮೆಜೆಸ್ಟಿಕ್‌ನಲ್ಲಿ ಹೇಳದೆ ಕೇಳದೆ ಬಸ್ಸಿನ ಪ್ಲಾಟ್‌ಫಾರಂ ಬದಲಾಯಿಸಿದ ಹಾಗಾಯ್ತು" ಅಂದರು. ತಿಂಗಳು ಕಳೆದ ಮೇಲೆ ಹೋಗಿ, ಎಡಕ್ಕೆ ತಂದುಕೊಡ್ಲಾ ಅಂತ ಕೇಳಿದೆ. "ಏನನ್ನ?" ಅಂದರು.

ಆಗ ನನಗೆ ಒಂದು ವಿಷಯ ಹೊಳೆಯಿತು. ಮೊದಲ ವಾರದ ಬೈಗುಳವನ್ನು ಬರೆದಿಟ್ಟುಕೊಳ್ಳಬಾರದು. ತಿಂಗಳಾದ ಮೇಲೂ ಯಾರಾದರೂ ಅದೇ ದೂರು ಹೇಳಿದರೆ, ಅದೂ ಗಟ್ಟಿಯಾಗಿ ಅಲ್ಲ, ಸುಮ್ನೆ ಗೊಣಗಿದರೆ, ಅದರಲ್ಲಿ ಏನೋ ಇದೆ. ಅಲ್ಲಿಂದ ಮುಂದೆ ನಾನು ಗೊಣಗಾಟಕ್ಕೇ ಕಿವಿ ಕೊಟ್ಟೆ.

ಗೊಣಗಾಟದಲ್ಲಿ ಮೊದಲ ಸ್ಥಾನ ರೈಟ್ ಕ್ಲಿಕ್ಕಿನದು. ಜೆರಾಕ್ಸ್ ಅಂಗಡಿಯ ಕೆಲಸವನ್ನು ಹತ್ತಿರ ನಿಂತು ನೋಡಿದರೆ ಗೊತ್ತಾಗುತ್ತದೆ. ಗಿರಾಕಿ ವಾಟ್ಸಾಪಿನಲ್ಲಿ ಫೈಲ್ ಕಳಿಸುತ್ತಾನೆ. ಇವರು ಡೌನ್‌ಲೋಡ್ ಮಾಡಿ, ಫೋಲ್ಡರ್ ತೆಗೆದು, ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಿಂಟ್. ಫೈಲ್ ತೆರೆದು ನೋಡುವುದೂ ಇಲ್ಲ. ಕಾಲೇಜು ಅಡ್ಮಿಶನ್ ಸಮಯದಲ್ಲಿ ಕೌಂಟರಿನ ಮುಂದೆ ಸಾಲು ನಿಂತಿರುತ್ತದೆ. ಒಂದು ಕೈಯಲ್ಲಿ ಚಿಲ್ಲರೆ, ಒಂದು ಕೈಯಲ್ಲಿ ಮೌಸು. ದಿನಕ್ಕೆ ನೂರಾರು ಸಲ ಅದೇ ರೈಟ್ ಕ್ಲಿಕ್, ಅದೇ ಪ್ರಿಂಟ್.

ವಿಂಡೋಸ್ 11ರಲ್ಲಿ ರೈಟ್ ಕ್ಲಿಕ್ ಮಾಡಿದರೆ ಬರುವ ಮೆನು ಚಿಕ್ಕದು, ಚೆಂದದ್ದು. ಹಳೇ ಮೆನು ವರ್ಷಗಟ್ಟಲೆ ಬೆಳೆದು ಬೆಳೆದು ಪರದೆಯ ಅರ್ಧಕ್ಕೆ ಬಂದಿತ್ತು ನಿಜ. ಯಾವ ಸಾಫ್ಟ್‌ವೇರ್ ಹಾಕಿದರೂ ಅದರದ್ದೊಂದು ಸಾಲು ಅಲ್ಲಿ ಸೇರಿಕೊಳ್ಳುತ್ತಿತ್ತು. ಹೊಸದರಲ್ಲಿ ಕಟ್, ಕಾಪಿ, ರಿನೇಮ್, ಡಿಲೀಟ್ ಎಲ್ಲ ಚಿತ್ರಗಳಾಗಿ ಒಂದು ಸಾಲಿನಲ್ಲಿ ನಿಂತಿವೆ. 2021ರಲ್ಲಿ ಬಂದಾಗ ಬರೀ ಚಿತ್ರ ಇತ್ತು. 24ಎಚ್2 ಅನ್ನುವ ಆವೃತ್ತಿಯಲ್ಲಿ ಚಿತ್ರದ ಜೊತೆ ಹೆಸರನ್ನೂ ಹಾಕಿದರು. ಅಷ್ಟರಮಟ್ಟಿಗೆ ಯಾರೋ ಗೊಣಗಿದ್ದು ಅಲ್ಲಿಗೂ ಮುಟ್ಟಿರಬೇಕು. ಆದರೆ ಪ್ರಿಂಟ್ ಅನ್ನುವುದು ಆ ಮೆನುವಿನಲ್ಲಿ ಇಲ್ಲ. ಕೆಳಗೆ ‘ಶೋ ಮೋರ್ ಆಪ್ಷನ್ಸ್’ ಅಂತ ಇದೆ. ಅದನ್ನು ಒತ್ತಿದರೆ ಹಳೇ ಉದ್ದನೆ ಮೆನು ಹಾಗೇ ತೆರೆದುಕೊಳ್ಳುತ್ತದೆ, ಅದರೊಳಗೆ ಪ್ರಿಂಟ್.

ಒಂದೇ ಒಂದು ಕ್ಲಿಕ್ ಜಾಸ್ತಿ. ನನ್ನ ನಿಮ್ಮಂಥವರಿಗೆ ಏನೂ ಅಲ್ಲ. ದಿನವಿಡೀ ಅದೇ ಮಾಡುವವರಿಗೆ ನೂರಾರು ಕ್ಲಿಕ್ ಜಾಸ್ತಿ. ಜೊತೆಗೆ ಇನ್ನೊಂದು ಕಿರಿಕಿರಿ ಇದೆ. ಆ ಚಿತ್ರಗಳ ಸಾಲು ಯಾವಾಗಲೂ ಒಂದೇ ಕಡೆ ಇರುವುದಿಲ್ಲ. ಫೈಲು ಪರದೆಯ ಕೆಳಗಡೆ ಇದ್ದರೆ ಮೆನು ಮೇಲ್ಮುಖವಾಗಿ ತೆರೆಯುತ್ತದೆ, ಆಗ ಸಾಲು ಮೆನುವಿನ ಕೆಳತುದಿಗೆ ಬರುತ್ತದೆ. ಮೌಸಿಗೆ ಹತ್ತಿರ ಇರಲಿ ಅನ್ನುವ ಒಳ್ಳೇ ಉದ್ದೇಶವೇ. ಆದರೆ ಕೈಗೆ ಜಾಗ ನೆನಪಿರುತ್ತದೆಯೇ ಹೊರತು ಉದ್ದೇಶ ಅಲ್ಲ. ಡಿಲೀಟ್ ಮಾಡಲು ಹೋದಾಗೆಲ್ಲ ಅಂಗಡಿಯವರು ಅರೆಕ್ಷಣ ನಿಂತು ಹುಡುಕುವುದನ್ನು ಪಕ್ಕದಲ್ಲೇ ನಿಂತು ನೋಡಿದೆ.

ಶಿಫ್ಟ್ ಒತ್ತಿಕೊಂಡು ರೈಟ್ ಕ್ಲಿಕ್ ಮಾಡಿದರೆ ಹಳೇ ಮೆನು ನೇರವಾಗಿ ಬರುತ್ತದೆ ಅಂತ ಹೇಳಿಕೊಟ್ಟೆ. "ಚಿಲ್ಲರೆ ಯಾವ ಕೈಯಲ್ಲಿ ಹಿಡ್ಕೊಳ್ಲಿ?" ಅಂದರು. ಸರಿ, ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಗೆ ಹೋಗಿ ಒಂದು ಕೀ ಸೇರಿಸಿದೆ. ಫೋಲ್ಡರ್ ತೋರಿಸುವ ಎಕ್ಸ್‌ಪ್ಲೋರರನ್ನು ರೀಸ್ಟಾರ್ಟ್ ಮಾಡಿದರೆ ಯಾವಾಗಲೂ ಹಳೇ ಮೆನುವೇ ಬರುತ್ತದೆ. ಆಮೇಲೆ ಆ ಅಂಗಡಿಯಿಂದ ಮೆನು ವಿಷಯಕ್ಕೆ ಫೋನ್ ಬಂದಿಲ್ಲ. ಆದರೆ ಇದನ್ನು ಸೆಟ್ಟಿಂಗ್ಸಿನಲ್ಲೇ ಒಂದು ಸ್ವಿಚ್ ಇಟ್ಟು ಕೊಡಬಹುದಿತ್ತಲ್ವಾ? ಸ್ಟಾರ್ಟ್ ಬಟನ್ನಿಗೆ ಕೊಟ್ಟಿದ್ದಾರೆ, ಇದಕ್ಕೆ ಕೊಟ್ಟಿಲ್ಲ. ನನ್ನ ಪ್ರಕಾರ ಆದ್ಯತೆ ಉಲ್ಟಾ.

ಎರಡನೇ ಗೊಣಗಾಟ ಆಡಿಟರ್ ಆಫೀಸಿನದು. ರಿಟರ್ನ್ಸ್ ಸೀಸನ್ನಿನಲ್ಲಿ ಅಲ್ಲಿ ಎಲ್ಲ ಮಿಷಿನ್ ಮುಟ್ಟುವ ಹಾಗಿರಲಿಲ್ಲ. ಸಿಎ ಓದುತ್ತ ಆರ್ಟಿಕಲ್‌ಶಿಪ್ ಮಾಡುವ ಒಬ್ಬ ಹುಡುಗನ ಕಂಪ್ಯೂಟರಿಗೆ ಮಾತ್ರ ಪರೀಕ್ಷೆಗೆ ಅಂತ ಹಾಕಿಕೊಟ್ಟೆ. ಅವನು ಖುಷಿಯಾಗಿದ್ದ. ಮ್ಯಾಕ್ಸಿಮೈಸ್ ಬಟನ್ನಿನ ಮೇಲೆ ಮೌಸ್ ಇಟ್ಟರೆ ಪರದೆಯನ್ನು ಭಾಗ ಮಾಡುವ ಚೌಕಗಳು ಬರುತ್ತವಲ್ಲ, ಅದು ಅವನಿಗೆ ಬಹಳ ಹಿಡಿಸಿತು. ಒಂದು ಕಡೆ ಟ್ಯಾಲಿ, ಇನ್ನೊಂದು ಕಡೆ ಜಿಎಸ್‌ಟಿ ಪೋರ್ಟಲ್. ಫೋಲ್ಡರ್‌ಗಳಿಗೆ ಬ್ರೌಸರಿನ ಹಾಗೆ ಟ್ಯಾಬ್ ಬಂದದ್ದೂ ಇಷ್ಟವಾಯಿತು. ಇದನ್ನೆಲ್ಲ ಅವನಾಗಿ ಹೇಳಲಿಲ್ಲ, ನಾನು ಕೇಳಿದ್ದಕ್ಕೆ ಹೇಳಿದ. ಚೆನ್ನಾಗಿರುವುದನ್ನು ಫೋನ್ ಮಾಡಿ ಹೇಳುವವರು ಯಾರಿದ್ದಾರೆ? ನಮ್ಮ ಕಿವಿಗೆ ಬೀಳುವುದು ಒಂದು ಪಕ್ಕದ ಮಾತು ಮಾತ್ರ.

ಆದರೆ ಅದೇ ಮಿಷಿನ್ನಿನಲ್ಲಿ ಸಂಜೆ ಕೂರುವ ಹಿರಿಯ ಅಕೌಂಟೆಂಟ್ ಒಬ್ಬರಿದ್ದಾರೆ. ಅವರು ಒಂದು ಸಲಕ್ಕೆ ಹತ್ತು ಹನ್ನೆರಡು ಎಕ್ಸೆಲ್ ಫೈಲ್ ತೆರೆದಿಟ್ಟುಕೊಳ್ಳುತ್ತಾರೆ. ಒಬ್ಬೊಬ್ಬ ಪಾರ್ಟಿಯದ್ದು ಒಂದೊಂದು. ಹಳೇ ವಿಂಡೋಸಿನಲ್ಲಿ ಕೆಳಗಡೆ ಟಾಸ್ಕ್‌ಬಾರಿನಲ್ಲಿ ಪ್ರತಿಯೊಂದೂ ಹೆಸರಿನ ಸಮೇತ ಕಾಣುವ ಹಾಗೆ ಇಟ್ಟುಕೊಂಡಿದ್ದರು. ಹೊಸದರಲ್ಲಿ ಎಲ್ಲ ಸೇರಿ ಒಂದೇ ಹಸಿರು ಚಿತ್ರ. ಅದರ ಮೇಲೆ ಮೌಸ್ ಇಟ್ಟು, ಚಿಕ್ಕ ಚಿಕ್ಕ ಪರದೆಗಳು ಬರುವ ತನಕ ಕಾದು, ಕಣ್ಣು ಕಿರಿದು ಮಾಡಿ ಹುಡುಕಬೇಕು. ಎಲ್ಲ ಎಕ್ಸೆಲ್ಲೂ ದೂರದಿಂದ ಒಂದೇ ಥರ ಕಾಣುತ್ತದೆ ತಾನೇ?

ಇದಕ್ಕೆ ದಾರಿ ಇತ್ತು. ವಿಂಡೋಸ್ 11 ಬಂದಾಗ ಹೆಸರು ತೋರಿಸುವ ಆಯ್ಕೆಯನ್ನೇ ತೆಗೆದುಹಾಕಿದ್ದರು. ಜನ ಎರಡು ವರ್ಷ ಕೇಳಿದ ಮೇಲೆ 2023ರಲ್ಲಿ ವಾಪಸ್ ಬಂತು. ಹಾಗೆಯೇ ಫೈಲನ್ನು ಎಳೆದು ಟಾಸ್ಕ್‌ಬಾರಿನ ಚಿತ್ರದ ಮೇಲೆ ತಂದು ತೆರೆಯುವ ಅನುಕೂಲವೂ ಮೊದಲು ಹೋಗಿ, 2022ರಲ್ಲಿ ಹಿಂದಿರುಗಿತು. ಕಂಬೈನ್ ಅನ್ನುವ ಕಡೆ ನೆವರ್ ಅಂತ ಕೊಟ್ಟೆ. ಹೆಸರುಗಳು ಸಾಲಾಗಿ ಬಂದು ನಿಂತವು. ಅಕೌಂಟೆಂಟ್ ಏನೂ ಹೇಳಲಿಲ್ಲ, ಕೆಲಸ ಮುಂದುವರಿಸಿದರು. ಹುಡುಗನಿಗೆ ಮಾತ್ರ ಈಗ ಟಾಸ್ಕ್‌ಬಾರ್ ಗಲೀಜಾಗಿ ಕಾಣಲು ಶುರುವಾಯಿತು. ಬೆಳಿಗ್ಗೆ ಬಂದು ಬದಲಾಯಿಸುತ್ತಿದ್ದ, ಸಂಜೆ ಅವರು ಬೈದುಕೊಂಡು ನನಗೆ ಫೋನ್ ಮಾಡುತ್ತಿದ್ದರು. ಇಬ್ಬರಿಗೂ ಬೇರೆ ಬೇರೆ ಯೂಸರ್ ಮಾಡಿಕೊಟ್ಟೆ. ಈ ಸೆಟ್ಟಿಂಗುಗಳೆಲ್ಲ ಯೂಸರಿಗೆ ಅಂಟಿಕೊಂಡಿರುತ್ತವೆ, ಮಿಷಿನ್ನಿಗಲ್ಲ.

ಇನ್ನು ಯಾರೂ ದೂರು ಹೇಳದ ಒಂದು ವಿಷಯ. ಅದೇ ನನಗೆ ಜಾಸ್ತಿ ಚಿಂತೆ ಕೊಟ್ಟದ್ದು.

ಜೆರಾಕ್ಸ್ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಸ್ಟಾರ್ಟ್ ಮೆನು ತೆಗೆದೆ. ಹೊಸ ಮೆನುವಿನಲ್ಲಿ ಮೇಲೆ ಪಿನ್ ಮಾಡಿದ ಪ್ರೋಗ್ರಾಮುಗಳು, ಕೆಳಗೆ ‘ರೆಕಮೆಂಡೆಡ್’ ಅಂತ ಒಂದು ಭಾಗ. ಇತ್ತೀಚೆಗೆ ತೆರೆದ ಫೈಲುಗಳನ್ನು ಅಲ್ಲಿ ತೋರಿಸುತ್ತದೆ. ಆಫೀಸಿನಲ್ಲಿ ಕೂರುವ ಒಬ್ಬರಿಗೆ ಅನುಕೂಲವೇ, ನಿನ್ನೆಯ ಕೆಲಸ ಕೈಗೆ ಸಿಗುತ್ತದೆ. ಇಲ್ಲಿ ಕಂಡದ್ದು ಗಿರಾಕಿಗಳ ಫೈಲುಗಳು. ಯಾರದೋ ಆಧಾರ್, ಯಾರದೋ ಮಾರ್ಕ್ಸ್ ಕಾರ್ಡ್, ಒಂದು ಬಾಡಿಗೆ ಕರಾರು, ಹೆಸರಿನ ಸಮೇತ. ಕೌಂಟರಿನ ಪರದೆ ಅರ್ಧ ಗಿರಾಕಿಯ ಕಡೆಗೇ ತಿರುಗಿರುತ್ತದೆ. ನಿಂತವರೆಲ್ಲ ಓದಬಹುದು. ವಿಂಡೋಸ್ 10ರಲ್ಲೂ ಇತ್ತೀಚಿನ ಫೈಲುಗಳ ಪಟ್ಟಿ ಇತ್ತು, ಆದರೆ ಅದನ್ನು ಹುಡುಕಿಕೊಂಡು ಹೋಗಬೇಕಿತ್ತು. ಇಲ್ಲಿ ಸ್ಟಾರ್ಟ್ ಒತ್ತಿದರೆ ಸಾಕು, ಎದುರಿಗೇ ಬಂದು ಕೂರುತ್ತದೆ.

ಅಂಗಡಿಯವರಿಗೆ ತೋರಿಸಿದೆ. "ಅಯ್ಯೋ, ಇದನ್ನ ನಾನು ನೋಡೇ ಇರ್ಲಿಲ್ಲ" ಅಂದರು. ದಿನವೂ ಕಣ್ಣೆದುರಿಗೇ ಇತ್ತು. ಅವರ ಕೈಗೆ ಅಡ್ಡ ಬರಲಿಲ್ಲ, ಹಾಗಾಗಿ ಕಣ್ಣಿಗೂ ಬೀಳಲಿಲ್ಲ. ಸೆಟ್ಟಿಂಗ್ಸಿನ ಸ್ಟಾರ್ಟ್ ವಿಭಾಗದಲ್ಲಿ ಇದನ್ನು ಆಫ್ ಮಾಡಬಹುದು, ಮಾಡಿದೆ. ಆದರೆ ಅದನ್ನು ಆಫ್ ಮಾಡಿದರೆ ಎಕ್ಸ್‌ಪ್ಲೋರರಿನ ಇತ್ತೀಚಿನ ಫೈಲುಗಳ ಪಟ್ಟಿಯೂ ಹೋಗುತ್ತದೆ. ಜೆರಾಕ್ಸ್ ಅಂಗಡಿಗೆ ಅದೂ ಒಳ್ಳೆಯದೇ. ಪ್ರೆಸ್‌ನಲ್ಲಿ ಅದನ್ನು ಬಿಟ್ಟೆ, ಅಕ್ಕನಿಗೆ ನಿನ್ನೆಯ ಕಾರ್ಡು ಬೇಗ ಸಿಗಬೇಕು. ಲಗ್ನಪತ್ರಿಕೆಯಲ್ಲಿ ಗುಟ್ಟೇನಿದೆ, ಊರಿಗೆಲ್ಲ ಹಂಚಲಿಕ್ಕೇ ಮಾಡುವುದು.

ಪ್ರೆಸ್‌ನಲ್ಲಿ ನಾನು ಸೋತದ್ದು ಒಬ್ಬರ ಹತ್ತಿರ. ಅಲ್ಲಿಯ ಹಿರಿಯ ಆಪರೇಟರ್. ಅವರದ್ದು ಪೇಜ್‌ಮೇಕರ್ 7, ನುಡಿ ಫಾಂಟು. 2001ರ ಸಾಫ್ಟ್‌ವೇರ್, ಅದಾದ ಮೇಲೆ ಹೊಸ ಆವೃತ್ತಿ ಬರಲೇ ಇಲ್ಲ. ಈಗ ಎಲ್ಲ ಕಡೆ ಕನ್ನಡ ಬರೆಯಲು ಬಳಸುವ ಯೂನಿಕೋಡ್ ಅಕ್ಷರಗಳು ಅದಕ್ಕೆ ತಿಳಿಯುವುದಿಲ್ಲ. ಆದರೆ ಇಷ್ಟು ವರ್ಷದ ಕಾರ್ಡುಗಳ ಮಾದರಿಗಳೆಲ್ಲ ಅದರಲ್ಲೇ ಇವೆ, ಬಿಡುವ ಹಾಗಿಲ್ಲ. ಹೊಸ ಮಿಷಿನ್ನಿನಲ್ಲೂ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರೆ ಓಡಿತು. ತಕರಾರು ಅದರದ್ದಲ್ಲ. ಅವರು ಟಾಸ್ಕ್‌ಬಾರನ್ನು ಎಡಗಡೆ ಗೋಡೆಗೆ ನಿಲ್ಲಿಸಿಕೊಂಡಿರುತ್ತಿದ್ದರು, ಎಕ್ಸ್‌ಪಿ ಕಾಲದಿಂದ. ಕಾರಣವೂ ಇದೆ. ಈಗಿನ ಪರದೆಗಳು ಅಗಲ ಜಾಸ್ತಿ, ಎತ್ತರ ಕಮ್ಮಿ. ಕಾರ್ಡಿನ ಪುಟ ಉದ್ದ. ಕೆಳಗೆ ಟಾಸ್ಕ್‌ಬಾರ್ ಇಲ್ಲದಿದ್ದರೆ ಎರಡು ಸಾಲು ಹೆಚ್ಚು ಕಾಣುತ್ತದೆ.

ನಾನು ಹಾಕಿದ ವಿಂಡೋಸ್ 11ರಲ್ಲಿ ಟಾಸ್ಕ್‌ಬಾರನ್ನು ಪಕ್ಕಕ್ಕೋ ಮೇಲಕ್ಕೋ ಸರಿಸುವ ಆಯ್ಕೆ ಇರಲಿಲ್ಲ. ಬಟನ್ನುಗಳನ್ನು ಎಡಕ್ಕೆ ತರಬಹುದಿತ್ತು, ಪಟ್ಟಿಯನ್ನೇ ಸರಿಸಲಾಗುತ್ತಿರಲಿಲ್ಲ. ತಾನಾಗೇ ಮರೆಯಾಗುವ ಹಾಗೆ ಮಾಡಿಕೊಟ್ಟೆ. ಅವರು ಮಾತಾಡದೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೌಸನ್ನು ಕೆಳಗೆ ಎಡಕ್ಕೆ ಒಯ್ದರು. ಪೇಜ್‌ಮೇಕರಿನಲ್ಲಿ ಪುಟದ ನಂಬರುಗಳು ಇರುವುದು ಅಲ್ಲೇ, ಕಿಟಕಿಯ ತಳದ ಎಡಮೂಲೆಯಲ್ಲಿ. ಎರಡನೇ ಪುಟಕ್ಕೆ ಹೋಗಬೇಕು ಅಂತ ಮೌಸ್ ತಂದರೆ ಟಾಸ್ಕ್‌ಬಾರ್ ಮೇಲೆದ್ದು ಅದೇ ನಂಬರಿನ ಮೇಲೆ ಕೂರುತ್ತದೆ. ಹೋಗು ಅಂದರೆ ಹೋಗುತ್ತದೆ, ಮತ್ತೆ ತಂದರೆ ಮತ್ತೆ ಏಳುತ್ತದೆ. ಇನ್ನೊಂದು ಸಲ ಮಾಡಿ ತೋರಿಸಿದರು. ನಾನು ಎದ್ದೆ.

ಅವರ ಹಳೇ ಮಿಷಿನ್ ಹಾಗೇ ಇದೆ, ವಿಂಡೋಸ್ 10ರಲ್ಲೇ. ನೆಟ್‌ವರ್ಕ್ ಕೇಬಲ್ ಕಿತ್ತಿದ್ದೇನೆ. ಫೈಲು ಪೆನ್‌ಡ್ರೈವಿನಲ್ಲಿ ಓಡಾಡುತ್ತದೆ. ಪೆನ್‌ಡ್ರೈವನ್ನು ಮೊದಲು ಹೊಸ ಮಿಷಿನ್ನಿನಲ್ಲಿ ಸ್ಕ್ಯಾನ್ ಮಾಡಬೇಕು ಅಂತ ಗೋಡೆಗೆ ಚೀಟಿ ಅಂಟಿಸಿದ್ದೇನೆ.

ಹಳಬರು ಬದಲಾವಣೆಗೆ ಒಗ್ಗುವುದಿಲ್ಲ ಅಂತ ಇದಕ್ಕೆಲ್ಲ ಒಂದೇ ಮಾತಿನ ಷರಾ ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೈಕ್ರೋಸಾಫ್ಟ್ ಆಫೀಸ್ 2007ರಲ್ಲಿ ಮೆನುಗಳೆಲ್ಲ ಹೋಗಿ ರಿಬ್ಬನ್ ಅನ್ನುವ ಬಟನ್ನುಗಳ ಅಗಲ ಪಟ್ಟಿ ಬಂದಾಗಲೂ ಇದೇ ಗಲಾಟೆ ಆಗಿತ್ತು. ಈಗ ಅದೇ ಜನ ರಿಬ್ಬನ್ ಇಲ್ಲದೆ ವರ್ಡ್ ತೆರೆಯುವುದಿಲ್ಲ. ಅದೇ 2012ರ ವಿಂಡೋಸ್ 8 ನೋಡಿ. ಸ್ಟಾರ್ಟ್ ಬಟನ್ನನ್ನೇ ತೆಗೆದು, ಪರದೆ ತುಂಬ ಬಣ್ಣದ ಚೌಕ ಇಟ್ಟರು. ಶಟ್‌ಡೌನ್ ಎಲ್ಲಿದೆ ಅಂತ ಗೊತ್ತಾಗದೆ ಜನ ನೇರವಾಗಿ ಗೋಡೆಯ ಸ್ವಿಚ್ ಆರಿಸುತ್ತಿದ್ದರು, ನಾನೇ ಕಂಡಿದ್ದೇನೆ. ಮರುವರ್ಷ 8.1ರಲ್ಲಿ ಬಟನ್ ಬಂತು, 2015ರಲ್ಲಿ ವಿಂಡೋಸ್ 10ರ ಜೊತೆ ಮೆನುವೂ ವಾಪಸ್ ಬಂತು. ಎರಡೂ ಸಲ ಬೈದದ್ದು ಅದೇ ಜನ. ಒಂದು ಸಲ ಒಗ್ಗಿಕೊಂಡರು, ಒಂದು ಸಲ ಹಟ ಹಿಡಿದು ವಾಪಸ್ ತರಿಸಿದರು. ವಯಸ್ಸಿನ ಮಾತಾಗಿದ್ದರೆ ಎರಡಕ್ಕೂ ಒಂದೇ ಫಲಿತಾಂಶ ಬರಬೇಕಿತ್ತು.

ಇದೇ ಓಡಾಟದಲ್ಲಿ ಒಂದು ತಮಾಷೆಯೂ ಆಯಿತು. ಜೆರಾಕ್ಸ್ ಅಂಗಡಿಯ ಎರಡನೇ ಕಂಪ್ಯೂಟರ್ ಹಳೆಯದು, ವಿಂಡೋಸ್ 11 ಹತ್ತುವುದಿಲ್ಲ. ಅಲ್ಲಿ ಬ್ರೌಸರ್ ಬಿಟ್ಟು ಬೇರೆ ಕೆಲಸ ಇಲ್ಲ. ಸೇವಾ ಸಿಂಧು ಅರ್ಜಿ, ಕರೆಂಟ್ ಬಿಲ್ಲು, ರಿಸಲ್ಟು. ಅದಕ್ಕೆ ಲಿನಕ್ಸ್ ಮಿಂಟ್ ಹಾಕಿದೆ. ಪೂರ್ತಿ ಬೇರೆಯದೇ ಆಪರೇಟಿಂಗ್ ಸಿಸ್ಟಂ, ಒಳಗಿನ ಒಂದು ಮೊಳೆಯೂ ವಿಂಡೋಸಿನದಲ್ಲ. ಮರುದಿನ ಅಂಗಡಿಯವರು ಫೋನ್ ಮಾಡಿದರು. ಎದೆ ಗಟ್ಟಿ ಮಾಡಿಕೊಂಡು ಎತ್ತಿದೆ.

"ಈ ಮಿಷಿನ್ನಿಗೆ ಹಳೇ ವಿಂಡೋಸನ್ನೇ ಬಿಟ್ಟಿದೀರಲ್ಲ, ಒಳ್ಳೇದಾಯ್ತು. ಆ ಇನ್ನೊಂದಕ್ಕೂ ಹಿಂಗೇ ಮಾಡ್ಕೊಡಿ" ಅಂದರು.

ಮಿಂಟ್‌ನಲ್ಲಿ ಮೆನು ಕೆಳಗೆ ಎಡಮೂಲೆಯಲ್ಲಿದೆ, ಗಡಿಯಾರ ಬಲಮೂಲೆಯಲ್ಲಿದೆ. ಅವರಿಗೆ ಅಷ್ಟು ಸಾಕಾಗಿತ್ತು. ಅಂದಹಾಗೆ ಅದರಲ್ಲಿ ಪಟ್ಟಿಯನ್ನು ಯಾವ ಗೋಡೆಗೆ ಬೇಕಾದರೂ ಸರಿಸಬಹುದು. ಪ್ರೆಸ್‌ನ ಹಿರಿಯರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅವರ ಪೇಜ್‌ಮೇಕರ್ ವಿಂಡೋಸಿಗಂತ ಮಾಡಿದ ಆವೃತ್ತಿ, ಅಲ್ಲಿ ನೇರವಾಗಿ ಕೂರುವುದಿಲ್ಲ.

ಆಡಿಟರ್ ಆಫೀಸಿನ ಉಳಿದ ಮಿಷಿನ್‌ಗಳಿಗೆ ಕೈ ಹಾಕಲು ಆದದ್ದು ನವೆಂಬರಿನಲ್ಲಿ. ಆ ವರ್ಷ ಟ್ಯಾಕ್ಸ್ ಆಡಿಟ್ ಗಡುವು ಬೇರೆ ಮುಂದಕ್ಕೆ ಹೋಯಿತು. ಅಪ್‌ಡೇಟುಗಳು ಬರುವುದು ತಿಂಗಳ ಎರಡನೇ ಮಂಗಳವಾರ. ಅಕ್ಟೋಬರ್ 14ರ ಕೊನೆಯದನ್ನು ಹಾಕಿಟ್ಟಿದ್ದೆ, ಹಾಗಾಗಿ ನವೆಂಬರಿನ ತನಕ ದೊಡ್ಡ ಅಪಾಯ ಇರಲಿಲ್ಲ. ಈ ಸಲ ಯಾರನ್ನೂ ಕೇಳಲಿಲ್ಲ. ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ ಕೂತೆ. ಸ್ಟಾರ್ಟ್ ಎಡಕ್ಕೆ, ಟಾಸ್ಕ್‌ಬಾರಿನಲ್ಲಿ ಹೆಸರುಗಳು, ಸುದ್ದಿಯ ಬಟನ್ ಬಂದ್, ರೈಟ್ ಕ್ಲಿಕ್ ಹಳೇದು. ಡೆಸ್ಕ್‌ಟಾಪಿನ ಚಿತ್ರಗಳನ್ನು ಮೊದಲೇ ಫೋನಿನಲ್ಲಿ ಫೋಟೋ ತೆಗೆದುಕೊಂಡಿದ್ದೆ, ಇದ್ದ ಜಾಗದಲ್ಲೇ ಇಟ್ಟೆ. ಹಿಂದಿನ ವಾಲ್‌ಪೇಪರನ್ನೂ ಹಾಕಿದೆ. ಆರ್ಟಿಕಲ್‌ಶಿಪ್ ಹುಡುಗನ ಯೂಸರ್ ಮಾತ್ರ ಅವನ ಇಷ್ಟದ ಹಾಗೆ ಬಿಟ್ಟೆ.

ಸೋಮವಾರ ಫೋನ್ ಬರಲಿಲ್ಲ. ಮಂಗಳವಾರವೂ ಇಲ್ಲ. ಬಿಲ್ ಕಳಿಸಿದ ಮೇಲೆ ಹಿರಿಯ ಅಕೌಂಟೆಂಟ್ ಫೋನ್ ಮಾಡಿದರು. "ಎಲ್ಲ ಮೊದಲಿನ ಥರಾನೇ ಇದೆಯಲ್ರೀ, ನೀವು ಬದಲಾಯಿಸಿದ್ದೇನು?" ಅಂದರು. ಲೆಕ್ಕದವರು, ಕೇಳುವುದು ಸಹಜ. ಸ್ಟಾರ್ಟಿನಲ್ಲಿ ವಿನ್‌ವರ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ ನೋಡಿ ಸಾರ್ ಅಂದೆ. ಆಚೆ ಕಡೆ ಕೀಬೋರ್ಡಿನ ಸದ್ದು ಕೇಳಿತು. "ಹನ್ನೊಂದು ಅಂತ ತೋರಿಸ್ತಿದೆ" ಅಂದರು. ಆದರೂ ಬಿಲ್ಲಿನಲ್ಲಿ ಐನೂರು ರೂಪಾಯಿ ಹಿಡಿದುಕೊಂಡೇ ಕಳಿಸಿದರು.